ಚೀಲದ ಹಿಂಬದಿಯನ್ನು ಓದಿ ನಾಯಿಯ ಆಹಾರ ಕೊಳ್ಳಿ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಯಿದೆ. ತೂಕ 10 ಕಿಲೊ. ಅಂಗಡಿಯಲ್ಲಿ ದೊರೆಯುವ ಸಿದ್ಧ ಆಹಾರವನ್ನೇ ಕೊಡಬೇಕೆಂದಿದ್ದೇವೆ. ಆದರೆ ಒಂದು ಚೀಲದ ಮೇಲೆ ‘ಪ್ರೀಮಿಯಂ’ ಎಂದಿದ್ದರೆ ಇನ್ನೊಂದರ ಮೇಲೆ ‘ನೈಸರ್ಗಿಕ’ ಎಂದಿರುತ್ತದೆ, ಬೆಲೆಯಲ್ಲಂತೂ ಅಜಗಜಾಂತರ. ಪ್ರೋಟೀನ್ ಹೆಚ್ಚಿರುವುದನ್ನು ಆರಿಸಿಕೊಂಡರೆ ಸಾಕೇ?

ಉತ್ತರ: ಸಾಲದು. ಚೀಲದ ಮುಂಬದಿಯಲ್ಲಿ ಇರುವುದೆಲ್ಲ ಬಹುಮಟ್ಟಿಗೆ ಮಾರಾಟದ ಮಾತು. ‘ಪ್ರೀಮಿಯಂ’, ‘ಸೂಪರ್ ಪ್ರೀಮಿಯಂ’ ಎಂಬ ಪದಗಳನ್ನು ಬಳಸಲು ಆಹಾರದಲ್ಲಿ ಉತ್ತಮ ಪದಾರ್ಥ ಇರಲೇಬೇಕೆಂಬ ನಿಯಮವೇನೂ ಇಲ್ಲ. ನೀವು ಹುಡುಕಬೇಕಾದ ವಾಕ್ಯ ಹಿಂಬದಿಯಲ್ಲಿ, ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಈ ಆಹಾರ ‘ಸಂಪೂರ್ಣ ಹಾಗೂ ಸಮತೋಲಿತ’ವಾಗಿದೆ ಎಂಬ ಮಾತು ಮತ್ತು ಅದು ಯಾವ ವಯೋಹಂತದ ನಾಯಿಗೆ ಎಂಬ ವಿವರ, ಇವೆರಡೂ ಅಲ್ಲಿರಬೇಕು. ಅದರ ಬದಲಿಗೆ ‘ಪೂರಕ ಆಹಾರ’ ಎಂದೋ ‘ಆಗಾಗ ಕೊಡಲು ಮಾತ್ರ’ ಎಂದೋ ಬರೆದಿದ್ದರೆ, ಬೆಲೆ ಎಷ್ಟೇ ಇರಲಿ, ಅದನ್ನೇ ದಿನನಿತ್ಯದ ಊಟವಾಗಿ ಕೊಡಬಾರದು. ಹಾಗೆ ಕೊಟ್ಟರೆ ಕೆಲವು ಪೋಷಕಾಂಶಗಳ ಕೊರತೆ ತಿಂಗಳುಗಟ್ಟಲೆ ಹೊರಗೆ ಕಾಣಿಸಿಕೊಳ್ಳದೆ ಬೆಳೆಯುತ್ತಾ ಹೋಗಬಹುದು.

ಸಾಕುಪ್ರಾಣಿಗಳ ಆಹಾರಕ್ಕೆ ಪೋಷಕಾಂಶಗಳ ಮಾನದಂಡ ರೂಪಿಸುವ ಸಂಸ್ಥೆಗಳಲ್ಲಿ ಅಮೆರಿಕದ ಆಫ್ಕೋ ಮತ್ತು ಯುರೋಪಿನ ಫೆಡಿಯಾಫ್ ಮುಖ್ಯವಾದವು. ಆಫ್ಕೋ ಪದ್ಧತಿಯಲ್ಲಿ ತಯಾರಕರು ಮುಖ್ಯವಾಗಿ ಎರಡು ಬಗೆಯಲ್ಲಿ ತಮ್ಮ ಆಹಾರದ ಸಮರ್ಪಕತೆಯನ್ನು ತೋರಿಸಬಹುದು. ಒಂದು, ಆಹಾರದ ಪೋಷಕಾಂಶಗಳು ಮಾನದಂಡಕ್ಕೆ ಹೊಂದುತ್ತವೆ ಎಂದು ಸೂತ್ರದ ಮೂಲಕ ತೋರಿಸುವುದು; ಇನ್ನೊಂದು, ನಾಯಿಗಳಿಗೆ ನಿಜವಾಗಿಯೂ ತಿನ್ನಿಸಿ ಪರೀಕ್ಷಿಸುವುದು. ವಯಸ್ಕ ನಾಯಿಗಳ ತಿನ್ನಿಸುವ ಪರೀಕ್ಷೆ ಕನಿಷ್ಠ 8 ನಾಯಿಗಳಿಂದ ಆರಂಭವಾಗಿ 26 ವಾರ ನಡೆಯುತ್ತದೆ. ಇಷ್ಟು ಚಿಕ್ಕ ಪರೀಕ್ಷೆ ಎಲ್ಲ ದೋಷಗಳನ್ನೂ ಹೊರಗೆಡಹುತ್ತದೆ ಎನ್ನಲಾಗದು. ಆದರೂ ಕಾಗದದ ಮೇಲಿನ ಲೆಕ್ಕದ ಜೊತೆಗೆ ಇದೂ ಆಗಿದ್ದರೆ ಆ ತಯಾರಕರ ಬಗ್ಗೆ ನನಗೆ ಹೆಚ್ಚು ಭರವಸೆ. ಒಂದು ಮಾತು ನೆನಪಿಡಿ: ಆಫ್ಕೋ ಯಾವ ಆಹಾರವನ್ನೂ ತಾನೇ ಪರೀಕ್ಷಿಸುವುದಿಲ್ಲ, ಅನುಮೋದಿಸುವುದೂ ಇಲ್ಲ. ಆದ್ದರಿಂದ ‘ಆಫ್ಕೋ ಅನುಮೋದಿತ’ ಎಂದು ಯಾರಾದರೂ ಹೇಳಿದರೆ ಆ ಮಾತೇ ತಪ್ಪು.

ಪದಾರ್ಥಗಳ ಪಟ್ಟಿಯಲ್ಲಿ ಮಾಂಸ ಮೊದಲಿಗಿದ್ದರೆ ಒಳ್ಳೆಯದು ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಪಟ್ಟಿಯು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ ನಿಜ, ಆದರೆ ಅದು ಬೇಯಿಸಿ ಒಣಗಿಸುವ ಮೊದಲಿನ, ನೀರೂ ಸೇರಿದ ತೂಕ. ಹಸಿ ಕೋಳಿಮಾಂಸದ ಮುಕ್ಕಾಲು ಭಾಗದಷ್ಟು ನೀರೇ ಆಗಿರುವುದರಿಂದ, ಮೊದಲ ಸ್ಥಾನದಲ್ಲಿರುವ ಕೋಳಿಮಾಂಸವು ಒಣಗಿದ ಮೇಲೆ ಮೂರನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ಇಳಿಯಬಹುದು. ಎರಡನೆಯದಾಗಿ ನಮೂದಾದ, ಆಗಲೇ ನೀರು ತೆಗೆದ ಕೋಳಿಮಾಂಸದ ಪುಡಿಯೇ ನಿಮ್ಮ ನಾಯಿಗೆ ಹೆಚ್ಚು ಪ್ರೋಟೀನ್ ಒದಗಿಸುತ್ತಿರಬಹುದು. ಒಂದೇ ಧಾನ್ಯವನ್ನು ಹಿಟ್ಟು, ತೌಡು, ನುಚ್ಚು ಎಂದು ಮೂರು ಹೆಸರಿನಲ್ಲಿ ಬಿಡಿಬಿಡಿಯಾಗಿ ಬರೆದಾಗ ಪ್ರತಿಯೊಂದೂ ಪಟ್ಟಿಯ ಕೆಳಗೆ ಸರಿದು, ಮಾಂಸ ತಾನಾಗಿ ಮೇಲೇರಿದಂತೆ ಕಾಣುವುದೂ ಉಂಟು. ಯಕೃತ್ತು, ಮೂತ್ರಪಿಂಡ, ಶ್ವಾಸಕೋಶ ಮುಂತಾದ ಉಪೋತ್ಪನ್ನಗಳ ಹೆಸರು ಕಂಡರೆ ಅಸಹ್ಯಪಡಬೇಕಾಗಿಲ್ಲ. ನಮಗೆ ಹೇಗೇ ಅನಿಸಲಿ, ನಾಯಿಗೆ ಅವು ಪೋಷಕಾಂಶಗಳಿಂದ ಕೂಡಿದ ಆಹಾರವೇ.

ಇನ್ನು ಪ್ರೋಟೀನಿನ ಶೇಕಡಾವಾರು. ಒಣ ಆಹಾರದ ಚೀಲದಲ್ಲಿ ಶೇ 24 ಎಂದೂ ಡಬ್ಬಿಯ ಆಹಾರದಲ್ಲಿ ಶೇ 8 ಎಂದೂ ಬರೆದಿರುವುದನ್ನು ನೋಡಿ ಡಬ್ಬಿಯದು ಕಳಪೆ ಎಂದುಕೊಳ್ಳುವವರಿದ್ದಾರೆ. ಡಬ್ಬಿಯ ಆಹಾರದಲ್ಲಿ ಶೇ 78ರಷ್ಟು ತೇವಾಂಶವಿದ್ದರೆ ಉಳಿಯುವ ಒಣ ಅಂಶ 22 ಮಾತ್ರ. 8ನ್ನು 22ರಿಂದ ಭಾಗಿಸಿದರೆ ಪ್ರೋಟೀನ್ ಶೇ 36ಕ್ಕೂ ಹೆಚ್ಚಾಯಿತು. ಶೇ 10 ತೇವಾಂಶವಿರುವ ಒಣ ಆಹಾರದಲ್ಲಿ ಇದೇ ಲೆಕ್ಕದಂತೆ ಅದು ಶೇ 27ರ ಆಸುಪಾಸು. ಎರಡು ಆಹಾರಗಳನ್ನು ಹೋಲಿಸುವಾಗ ಮೊದಲು ಈ ಲೆಕ್ಕ ಮಾಡಿಕೊಳ್ಳಿ. ವಯಸ್ಕ ನಾಯಿಯ ಆಹಾರದ ಒಣ ಅಂಶದಲ್ಲಿ ಕನಿಷ್ಠ ಶೇ 18 ಪ್ರೋಟೀನ್ ಇರಬೇಕೆಂಬುದು ಆಫ್ಕೋ ಮಾನದಂಡವಾದ್ದರಿಂದ, ಇವೆರಡೂ ಅದನ್ನು ಮೀರಿವೆ.

ಆದರೆ ಈ ಅಂಕಿಯು ಪ್ರೋಟೀನಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಅದರ ಗುಣವನ್ನಲ್ಲ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಆಹಾರದಲ್ಲಿರುವ ಸಾರಜನಕವನ್ನು. ಅದರಿಂದ ಪ್ರೋಟೀನನ್ನು ಅಂದಾಜಿಸುತ್ತಾರೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ದುರಂತದ ಮೂಲ ಇಲ್ಲಿಯೇ ಇತ್ತು. ಗೋಧಿಯ ಗ್ಲುಟನ್ (ಗೋಧಿಯಿಂದ ತೆಗೆದ ಪ್ರೋಟೀನ್) ಎಂದು ಸರಬರಾಜಾದ ಪದಾರ್ಥಕ್ಕೆ, ಪ್ರೋಟೀನ್ ಹೆಚ್ಚಿರುವಂತೆ ತೋರಲೆಂದು ಸಾರಜನಕ ಹೇರಳವಾಗಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಬೆರೆಸಲಾಗಿತ್ತು. ಅದನ್ನು ಬಳಸಿದ ಆಹಾರ ತಿಂದ ಅನೇಕ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು, ಹಲವಾರು ಬ್ರ್ಯಾಂಡುಗಳ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಲೇಬಲ್ಲನ್ನು ಎಷ್ಟೇ ಜಾಗರೂಕತೆಯಿಂದ ಓದಿದ್ದರೂ ಯಾವ ಗ್ರಾಹಕನಿಗೂ ಅದು ತಿಳಿಯುವಂತಿರಲಿಲ್ಲ.

ಆದ್ದರಿಂದಲೇ ಆಹಾರಕ್ಕಿಂತ ಮೊದಲು ತಯಾರಕರನ್ನು ವಿಚಾರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಸೂತ್ರವನ್ನು ರೂಪಿಸಿದವರು ಯಾರು, ಪ್ರಾಣಿಪೋಷಣೆಯಲ್ಲಿ ಅವರ ವಿದ್ಯಾರ್ಹತೆ ಏನು, ಆಹಾರವನ್ನು ಸ್ವಂತ ಕಾರ್ಖಾನೆಯಲ್ಲಿ ತಯಾರಿಸುತ್ತಾರೆಯೇ ಅಥವಾ ಬೇರೆಯವರಿಂದ ಮಾಡಿಸುತ್ತಾರೆಯೇ, ಕಚ್ಚಾ ಪದಾರ್ಥವನ್ನೂ ಸಿದ್ಧವಾದ ಆಹಾರವನ್ನೂ ಏನೇನು ಪರೀಕ್ಷೆಗೆ ಒಳಪಡಿಸುತ್ತಾರೆ ಎಂದು ಕಂಪನಿಗೆ ಬರೆದು ಕೇಳಿ. ಸಣ್ಣ ಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘವು ಸಾಕುವವರಿಗೆ ನೀಡಿರುವ ಸಲಹೆಯೂ ಇದೇ ಜಾಡಿನದು. ಇಂಥ ಪ್ರಶ್ನೆಗೆ ನೇರ ಉತ್ತರ ಕೊಡದೆ ಜಾಹೀರಾತಿನ ಮಾತನ್ನೇ ಮರಳಿ ಕಳಿಸುವ ಕಂಪನಿಯ ಆಹಾರವನ್ನು ನಾನು ಶಿಫಾರಸು ಮಾಡುವುದಿಲ್ಲ.

ಒಳ್ಳೆಯ ಆಹಾರವನ್ನು ಆರಿಸಿಯೂ ಅಳತೆ ತಪ್ಪಿದರೆ ಪ್ರಯೋಜನವಿಲ್ಲ. ನಿಮ್ಮ 10 ಕಿಲೊ ತೂಕದ ನಾಯಿಗೆ ದಿನಕ್ಕೆ ಸುಮಾರು 630 ಕಿಲೊಕ್ಯಾಲರಿ ಬೇಕಾಗಬಹುದು. ಆಹಾರದ ಒಂದು ಕಿಲೊದಲ್ಲಿ 3,500 ಕಿಲೊಕ್ಯಾಲರಿ ಇದ್ದರೆ ಅದು 180 ಗ್ರಾಂ ಆಗುತ್ತದೆ. ಇದನ್ನು ಲೋಟದಲ್ಲಿ ಅಂದಾಜಿಸದೆ ತಕ್ಕಡಿಯಲ್ಲಿ ತೂಗಿ, ಎರಡು ಹೊತ್ತಿಗೆ ಹಂಚಿ ಕೊಡಿ. ಬಿಸ್ಕತ್ತು ಮೊದಲಾದ ತಿನಿಸುಗಳು ದಿನದ ಒಟ್ಟು ಕ್ಯಾಲರಿಯ ಶೇ 10ನ್ನು ಮೀರದಿರಲಿ, ಅವನ್ನು ಕೊಟ್ಟಷ್ಟು ಊಟವನ್ನು ಕಡಿಮೆ ಮಾಡಿ. ಈ ಲೆಕ್ಕ ಆರಂಭಕ್ಕೆ ಮಾತ್ರ. ಮುಂದಿನದನ್ನು ನಾಯಿಯ ಮೈಯೇ ಹೇಳುತ್ತದೆ. ಎರಡೂ ಅಂಗೈಗಳನ್ನು ಅದರ ಪಕ್ಕೆಗಳ ಮೇಲಿಟ್ಟು ಒತ್ತದೆ ಸವರಿ. ನಿಮ್ಮ ಕೈಯನ್ನು ಚಪ್ಪಟೆಯಾಗಿ ಚಾಚಿದಾಗ ಅಂಗೈಯ ಹಿಂಬದಿಯ ಮೂಳೆಗಳು ಬೆರಳಿಗೆ ಸಿಗುವಂತೆ ಪಕ್ಕೆಲುಬುಗಳು ಸಿಕ್ಕಿದರೆ ಪ್ರಮಾಣ ಸರಿಯಾಗಿದೆ. ಒತ್ತಿ ಹುಡುಕಬೇಕಾದರೆ ಆಹಾರವನ್ನು ಶೇ 10ರಷ್ಟು ಇಳಿಸಿ, ಎರಡು ವಾರದ ನಂತರ ಮತ್ತೆ ನೋಡಿ.

ಹೊಸ ಆಹಾರಕ್ಕೆ ಬದಲಾಯಿಸುವಾಗ 7ರಿಂದ 10 ದಿನಗಳಲ್ಲಿ ಹಳೆಯದರ ಜೊತೆಗೆ ಹಂತಹಂತವಾಗಿ ಬೆರೆಸುತ್ತಾ ಹೋಗಿ. ಒಮ್ಮೆಲೇ ಬದಲಾಯಿಸಿ ಭೇದಿಯಾದಾಗ ಹೊಸ ಆಹಾರವೇ ಕೆಟ್ಟದ್ದೆಂದು ದೂರುವುದು ಸಾಮಾನ್ಯ. ಒಣ ಆಹಾರವನ್ನು ಅದರ ಮೂಲ ಚೀಲದಲ್ಲಿಯೇ ಬಾಯಿ ಮಡಚಿ, ತಂಪಾದ ಒಣ ಜಾಗದಲ್ಲಿಡಿ. ಡಬ್ಬಕ್ಕೆ ಸುರಿಯುವುದಾದರೂ ಚೀಲವನ್ನು ಎಸೆಯಬೇಡಿ, ಏಕೆಂದರೆ ಆಹಾರವನ್ನು ಹಿಂಪಡೆಯುವ ಪ್ರಕಟಣೆ ಬಂದಾಗ ಬ್ಯಾಚ್ ಸಂಖ್ಯೆ ಇರುವುದು ಅದರ ಮೇಲೆಯೇ. ಕಮಟು ವಾಸನೆ ಬಂದ ಅಥವಾ ಬೂಷ್ಟು ಹಿಡಿದ ಆಹಾರವನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸಕೂಡದು; ಕೆಲವು ಬೂಷ್ಟುಗಳ ವಿಷ ಯಕೃತ್ತನ್ನು ಕೆಡಿಸುತ್ತದೆ, ಒಣಗಿಸಿದರೆ ಅದು ಹೋಗುವುದಿಲ್ಲ.

ಪ್ರಶ್ನೆ: ನಮ್ಮ ನಾಯಿಗೆ ಆಗಾಗ ಮೈ ತುರಿಕೆ. ಧಾನ್ಯವೇ ಇಲ್ಲದ ಆಹಾರ ಕೊಟ್ಟರೆ ವಾಸಿಯಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನಾಯಿಯ ತುರಿಕೆಗೆ ಚಿಗಟ ಮತ್ತು ಪರಿಸರದ ಅಲರ್ಜಿಗಳು ಆಹಾರಕ್ಕಿಂತ ಸಾಮಾನ್ಯವಾದ ಕಾರಣಗಳು. ಆಹಾರವೇ ಕಾರಣವಾದಾಗಲೂ ಹೆಚ್ಚಾಗಿ ಪತ್ತೆಯಾಗುವುದು ದನದ ಮಾಂಸ, ಹಾಲಿನ ಉತ್ಪನ್ನ ಮತ್ತು ಕೋಳಿಮಾಂಸದ ಪ್ರೋಟೀನುಗಳು. ನಾಯಿಗೆ ಧಾನ್ಯ ಒಗ್ಗದು ಎಂಬುದಕ್ಕೂ ಆಧಾರವಿಲ್ಲ. ಪಿಷ್ಟವನ್ನು ಜೀರ್ಣಿಸುವ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಿವೆ ಎಂದು 2013ರಲ್ಲಿಯೇ ಪ್ರಕಟವಾಗಿದೆ. ಅಲ್ಲದೆ, ಬಟಾಣಿ ಮತ್ತು ಬೇಳೆಕಾಳುಗಳು ಹೇರಳವಾಗಿರುವ ಧಾನ್ಯರಹಿತ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಿಂದ ಪರಿಶೀಲಿಸಿತು. ಕಾರಣ–ಪರಿಣಾಮ ಸಂಬಂಧ ದೃಢಪಟ್ಟಿಲ್ಲವಾದರೂ, ಖಚಿತ ಲಾಭವಿಲ್ಲದ ಆಹಾರಕ್ಕಾಗಿ ಇಂಥ ಅನುಮಾನವನ್ನು ಹೊತ್ತುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಮೊದಲು ಪಶುವೈದ್ಯರಿಂದ ಚರ್ಮವನ್ನು ಪರೀಕ್ಷಿಸಿ. ಆಹಾರದ ಅಲರ್ಜಿಯ ಅನುಮಾನ ಉಳಿದರೆ, ಅವರು ಸೂಚಿಸಿದ ಒಂದೇ ಆಹಾರವನ್ನು ಎಂಟು ವಾರಗಳಷ್ಟಾದರೂ ಕೊಟ್ಟು, ಬೇರೆ ಒಂದು ಚೂರನ್ನೂ ಬಾಯಿಗೆ ಹಾಕದೆ ನೋಡಬೇಕಾಗುತ್ತದೆ.

ಪ್ರಶ್ನೆ: ದೊಡ್ಡ ತಳಿಯ ಎರಡು ತಿಂಗಳ ಮರಿ ತಂದಿದ್ದೇವೆ. ದೊಡ್ಡ ನಾಯಿಗೆ ಕೊಡುವ ಆಹಾರವನ್ನೇ ಕೊಟ್ಟು, ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಪುಡಿ ಬೆರೆಸಬಹುದೇ?

ಉತ್ತರ: ಎರಡೂ ಬೇಡ. ‘ವಯಸ್ಕ ನಾಯಿಗಳಿಗೆ’ ಎಂದಷ್ಟೇ ಬರೆದಿರುವ ಆಹಾರ ಮರಿಯ ಬೆಳವಣಿಗೆಗೆ ಸಾಲುವಂತೆ ತಯಾರಾದುದಲ್ಲ. ಹಿಂಬದಿಯ ವಾಕ್ಯದಲ್ಲಿ ‘ಬೆಳವಣಿಗೆಗೆ’ ಅಥವಾ ‘ಎಲ್ಲ ವಯೋಹಂತಗಳಿಗೆ’ ಎಂದಿರಬೇಕು. ಅದರ ಜೊತೆಗೆ, ಬೆಳೆದ ಮೇಲೆ 70 ಪೌಂಡ್, ಅಂದರೆ ಸುಮಾರು 32 ಕಿಲೊ ಅಥವಾ ಅದಕ್ಕೂ ಹೆಚ್ಚು ತೂಗುವ ನಾಯಿಗಳ ಬೆಳವಣಿಗೆಗೂ ಹೊಂದುತ್ತದೆ ಎಂಬ ಸ್ಪಷ್ಟ ಉಲ್ಲೇಖವೂ ಇರಬೇಕು. ಇಂಥ ಮರಿಗಳ ಆಹಾರದ ಒಣ ಅಂಶದಲ್ಲಿ ಕ್ಯಾಲ್ಸಿಯಂ ಶೇ 1.8ನ್ನು ಮೀರಬಾರದೆಂದು ಆಫ್ಕೋ ಮಿತಿ ಹಾಕಿದೆ, ಇತರ ನಾಯಿಗಳಿಗೆ ಈ ಮಿತಿ ಶೇ 2.5. ಎಳೆಯ ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಒಳಹೋಗದಂತೆ ತಡೆಯುವ ಶಕ್ತಿ ಪೂರ್ತಿ ಬೆಳೆದಿರುವುದಿಲ್ಲ. ಹಾಗಾಗಿ ನೀವು ಬೆರೆಸಿದ ಪುಡಿ ಮೂಳೆಯನ್ನು ಗಟ್ಟಿಮಾಡುವ ಬದಲು ಮೂಳೆ ಮತ್ತು ಕೀಲುಗಳ ಬೆಳವಣಿಗೆಯನ್ನೇ ವಿಕಾರಗೊಳಿಸಬಹುದು. ಮರಿ ಬೇಗ ದೊಡ್ಡದಾಗಲೆಂದು ಹೊಟ್ಟೆ ಬಿರಿಯ ತಿನ್ನಿಸುವುದೂ ಅಷ್ಟೇ ಹಾನಿಕರ. ಈಗಾಗಲೇ ಪುಡಿ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ಮರಿ ಕುಂಟುತ್ತಿದ್ದರೆ ಅಥವಾ ಮುಂಗಾಲು ಸೊಟ್ಟಗಾದಂತೆ ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.