ಕೊಟ್ಟುಬಿಡುವ ಮುಂಚೆ ಅಂಚು ಮಗುಚಿ ನೋಡಿ

ಚಿಕ್ಕಮಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಎರಡು ವರ್ಷದ ಹಿಂದೆ ಮಂಡಿವರೆಗಿನ ಮೂರು ಸ್ಕರ್ಟ್ ಹೊಲಿಸಿದ್ದೆ. ಈಗ ಆಫೀಸಿನಲ್ಲಿ ಎಲ್ಲರೂ ಉದ್ದದ್ದೇ ಹಾಕುತ್ತಾರೆ. ನಾನು ಐದಡಿ ಎತ್ತರ. ಉದ್ದದ್ದು ಹಾಕಿದರೆ ಕುಳ್ಳಗೆ ಕಾಣ್ತೀನಿ. ಹಳೆಯದನ್ನು ಯಾರಿಗಾದರೂ ಕೊಟ್ಟುಬಿಡಲಾ? ಹೊಸದು ಎಷ್ಟುದ್ದ ಹೊಲಿಸಲಿ?"

ಕೊಡಬೇಡಿ. ಮೊದಲು ಮೂರನ್ನೂ ಮಗುಚಿ, ಕೆಳಗಿನ ಅಂಚಿನ ಒಳಗೆ ಎಷ್ಟು ಬಟ್ಟೆ ಮಡಚಿದೆ ನೋಡಿ. ಅದನ್ನು ಬಿಚ್ಚಿ ಎರಡು ಇಂಚು ಸಿಕ್ಕರೂ ನಿಮ್ಮ ಎತ್ತರಕ್ಕೆ ಅದು ದೊಡ್ಡ ವ್ಯತ್ಯಾಸವೇ.

ನಾನು ಚಿಕ್ಕವಳಿದ್ದಾಗ ಅಮ್ಮ "ಬೆಳೆಯೋ ಹುಡುಗಿ" ಅಂತ ಲಂಗಕ್ಕೆ ಎರಡು ಟಕ್ ಹಾಕಿಸುತ್ತಿದ್ದರು. ನಾನು ಉದ್ದವಾದ ಹಾಗೆ ಒಂದೊಂದೇ ಬಿಚ್ಚುವುದು. ನನ್ನ ಹಸಿರು ಲಂಗದ ಟಕ್ ಬಿಚ್ಚಿದಾಗ ಒಳಗಿದ್ದ ಬಟ್ಟೆ ಹೊಸದರ ಹಾಗೆ ಕಡುಹಸಿರು, ಉಳಿದದ್ದೆಲ್ಲ ಮಾಸಲು. ಸ್ಕೂಲಿಗೆ ಹಾಕಲ್ಲ ಅಂತ ಅತ್ತುಬಿಟ್ಟೆ. ಅಮ್ಮ ಆ ಗೆರೆಯ ಮೇಲೆ ಸುತ್ತಲೂ ಬಿಳಿ ಲೇಸ್ ಹಚ್ಚಿಕೊಟ್ಟರು. ನಿಮ್ಮ ಸ್ಕರ್ಟಿನಲ್ಲೂ ಹಳೆಯ ಮಡಿಕೆ ಗೆರೆ ಎದ್ದು ಕಂಡರೆ ಹೀಗೇ ಮಾಡಿ. ಲೇಸ್ ಬೇಡವಾದರೆ ಒಂದು ಪಟ್ಟಿ ಕೊಡಿಸಿ.

ಅಂಚು ಏರಿ ಇಳಿಯುವುದು ಇವತ್ತಿನ ಕಥೆಯಲ್ಲ. 1920ರ ದಶಕದಲ್ಲಿ ಪ್ಯಾರಿಸ್, ಲಂಡನ್‌ಗಳಲ್ಲಿ ಸ್ಕರ್ಟು ಮಂಡಿವರೆಗೆ ಏರಿತು, 1930ರ ಹೊತ್ತಿಗೆ ಮತ್ತೆ ಇಳಿಯಿತು. ಎರಡನೇ ಮಹಾಯುದ್ಧ ಬಂತು. ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಗೂ ರೇಷನ್, ಹಾಗಾಗಿ ಸ್ಕರ್ಟು ಗಿಡ್ಡ. 1947ರಲ್ಲಿ ಪ್ಯಾರಿಸ್ಸಿನ ವಸ್ತ್ರ ವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆ ಹಿಡಿಯುವ ಉದ್ದ ಸ್ಕರ್ಟು ತಂದರು. ಬಟ್ಟೆಗಾಗಿ ಹಂಬಲಿಸಿದ್ದವರಿಗೆ ಅದು ಹಿಡಿಸಿತು, ಇಷ್ಟೊಂದು ಬಟ್ಟೆ ದಂಡ ಅಂತ ಬೈದವರೂ ಇದ್ದರು. 1960ರ ದಶಕದಲ್ಲಿ ಮಿನಿ. ಅಲ್ಲಿನವರ ಉದ್ದವನ್ನು ಅಲ್ಲಿನ ಕಾಲ ತೀರ್ಮಾನಿಸಿತು. ನಿಮ್ಮದನ್ನು ನಿಮ್ಮ ದಿನಚರಿ ತೀರ್ಮಾನಿಸಲಿ, ಅಲ್ವಾ?

ಜುಲೈ ತಿಂಗಳ ಚಿಕ್ಕಮಗಳೂರು ನೆನಪಿಸಿಕೊಳ್ಳಿ. ಪಾದದವರೆಗಿನ ಸ್ಕರ್ಟ್ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದರೆ ಅಂಚು ನೀರು ಹೀರಿ ಭಾರವಾಗುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸ್ಕರ್ಟು, ಬಸ್ ಹತ್ತುವಾಗ ಕಂಬಿ ಹಿಡಿಯಲು ಕೈಯೇ ಇರಲ್ಲ. ಮಳೆಗಾಲಕ್ಕೆ ನಿಮ್ಮ ಮಂಡಿವರೆಗಿನವೇ ವಾಸಿ. ಅವು ನಿಮ್ಮ ಹತ್ತಿರ ಈಗಾಗಲೇ ಇವೆ.

ಹೊಸದು ಬೇಕೇ ಬೇಕು ಅನಿಸಿದರೆ ಒಂದು ಮಾತು ಗಮನದಲ್ಲಿರಲಿ. ಮೀನಖಂಡ ತೀರಾ ದಪ್ಪವಿರುವ ಕಡೆ ಅಂಚು ನಿಲ್ಲಬಾರದು, ಕಾಲು ಗಿಡ್ಡ ಕಾಣುತ್ತದೆ. ಮಂಡಿಯಿಂದ ಸ್ವಲ್ಪ ಕೆಳಗೆ ನಿಲ್ಲಿಸಿ, ಇಲ್ಲವೇ ಇನ್ನೂ ಇಳಿದು ಕಾಲು ಸಣ್ಣಗಾಗುವ ಜಾಗದಲ್ಲಿ. ಟಾಪ್ ಒಳಗೆ ಸೇರಿಸಿದರೆ ಸೊಂಟ ಮೇಲಿರುವಂತೆ ಕಂಡು ನೀವೂ ಎತ್ತರ ಕಾಣ್ತೀರಿ. ಕಾಟನ್ ಆದರೆ ಹೊಲಿಸುವ ಮುಂಚೆ ನೀರಿಗೆ ಹಾಕಿ ಒಣಗಿಸಿ. ಅಂಬ್ರೆಲಾ ಕಟ್ ಆದರೆ ಅಂಚು ಹೊಲಿಯುವ ಮುಂಚೆ ಒಂದು ದಿನ ನೇತು ಹಾಕಿಡಲು ಹೇಳಿ, ಓರೆ ಬಟ್ಟೆ ಅಲ್ಲಲ್ಲಿ ಜಗ್ಗುತ್ತದೆ. ನೇರ ಕಟ್ ಆದರೆ ಒಳಗೆ ಮೂರು ಇಂಚು ಮಡಚಿ ಇಡಲು ಹೇಳಿ.

ಟೈಲರ್ ಹತ್ತಿರ ಹೋಗುವಾಗ ಆಫೀಸಿಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಕೊನೆಯ ಅಳತೆಯನ್ನು ಸೊಂಟದಿಂದಲ್ಲ, ನೆಲದಿಂದ ಮೇಲಕ್ಕೆ ತೆಗೆದುಕೊಳ್ಳಲು ಹೇಳಿ. ಆಗ ಹಿಂದೆ ಮುಂದೆ ಒಂದೇ ಮಟ್ಟಕ್ಕೆ ಬರುತ್ತದೆ.

— ಸಂಪಾದಕಿ