ಡಿಸೆಂಬರ್‌ನಲ್ಲಿ ಸ್ಟೆಲೆನ್‌ಬಾಶ್: ಛತ್ರಿ ಬೇಡ, ಗಾಳಿಗೆ ಜಾಕೆಟ್ ಬೇಕು

ತೀರ್ಥಹಳ್ಳಿಯಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೊರಟಿದ್ದೀರಿ. ಸ್ಟೆಲೆನ್‌ಬಾಶ್‌ನ ವೈನ್ ತೋಟಗಳ ಕಡೆ ಮಳೆ ಇರುತ್ತಾ, ಕುಡಿಯದವರಿಗೆ ಅಲ್ಲೇನು ಕೆಲಸ ಅಂತ ಕೇಳಿದ್ದೀರಿ. ನಾನು ಸಾಗರದ ಕಡೆಯವನು, ನಮ್ಮದೂ ಅಡಿಕೆ ತೋಟ. ಹಾಗಾಗಿ ನಾನು ಅಲ್ಲಿ ವೈನ್‌ಗಿಂತ ತೋಟ ನೋಡಿದ್ದೇ ಜಾಸ್ತಿ.

ಮಳೆಯ ವಿಷಯದಲ್ಲಿ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಚಳಿಗಾಲವೇ ಮಳೆಗಾಲ, ಜೂನ್‌ನಿಂದ ಆಗಸ್ಟ್. ಡಿಸೆಂಬರ್ ಅಪ್ಪಟ ಬೇಸಿಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಕಂಡವರಿಗೆ ಕೇಪ್‌ಟೌನಿನ ಸುಮಾರು 500 ಮಿ.ಮೀ. ಯಾವ ಲೆಕ್ಕ? 2018ರಲ್ಲಂತೂ ಊರಿನ ನಲ್ಲಿಗಳನ್ನೇ ಬಂದ್ ಮಾಡುವ ಹಂತಕ್ಕೆ ಬಂದಿತ್ತು.

ದ್ರಾಕ್ಷಿಗೆ ಇದೇ ಬೇಕು. ಕಾಯಿ ಬಲಿಯುವಾಗ ಬಿಸಿಲು, ಗಾಳಿ, ಒಣ ಹವೆ. ನಮ್ಮಲ್ಲಿ ಅಡಿಕೆ ಕಾಯಿ ಎಳೆಯದಾಗಿರುವಾಗಲೇ ಮಳೆ ಹಿಡಿದು ಕೊಳೆರೋಗ ಶುರು, ಬಿಡುವು ಸಿಕ್ಕಾಗ ಮರ ಹತ್ತಿಸಿ ಬೋರ್ಡೋ ಹೊಡೆಸಬೇಕು. ಅಂದ ಹಾಗೆ, ಆ ಮೈಲುತುತ್ತ-ಸುಣ್ಣದ ಮದ್ದು ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಬಳಿದಿದ್ದರಂತೆ, ಅವಕ್ಕೆ ಮಾತ್ರ ರೋಗ ಬಂದಿಲ್ಲ ಅಂತ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಮದ್ದಿನ ವಿವರ ಪ್ರಕಟಿಸಿದರು. ಅಪ್ಪನಿಗೆ ಇದನ್ನು ಹೇಳಿ, ತೋಟ ನೋಡೋಕೆ ಅವರೇ ಮುಂದೆ ಹೊರಡುತ್ತಾರೆ!

ಆದರೆ ಡಿಸೆಂಬರ್‌ನಲ್ಲಿ ಗೊಂಚಲು ಇನ್ನೂ ಹಸಿರು, ಗಟ್ಟಿ. ಕೊಯ್ಲು ನೋಡಬೇಕಾದರೆ ಫೆಬ್ರವರಿಯೇ ಸರಿ.

ಮಧ್ಯಾಹ್ನ 26-28 ಡಿಗ್ರಿ ಇರುತ್ತದೆ, ಕೆಲವು ದಿನ 35 ದಾಟುತ್ತದೆ. ಬೆವರು ಅಂಟುವುದಿಲ್ಲ, ಅದಕ್ಕೇ ಬಿಸಿಲು ಗೊತ್ತಾಗದೆ ಚರ್ಮ ಸುಡುತ್ತದೆ, ತುಟಿ ಒಡೆಯುತ್ತದೆ. ಟೋಪಿ ಮರೆಯಬೇಡಿ. ಮುಖ್ಯ ಕಾಟ ಮಾತ್ರ ಗಾಳಿಯದ್ದು. ಬೇಸಿಗೆಯಲ್ಲಿ ಆಗ್ನೇಯದಿಂದ ಬೀಸುವ ಇದಕ್ಕೆ ಅಲ್ಲಿನವರು ಕೇಪ್ ಡಾಕ್ಟರ್ ಅನ್ನುತ್ತಾರೆ, ಊರಿನ ಕೊಳಕು ಗಾಳಿಯನ್ನೆಲ್ಲ ಒಯ್ಯುತ್ತದೆ ಅಂತ. ತೋಟಕ್ಕೆ ತಂಪು, ನಮಗೆ ತಲೆನೋವು. ಜೋರು ಗಾಳಿ ಇದ್ದರೆ ಟೇಬಲ್ ಮೌಂಟನ್ನಿನ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಹಾಗಾಗಿ ಗಾಳಿ ಇಲ್ಲದ ಬೆಳಿಗ್ಗೆ ಸಿಕ್ಕಿತೋ, ಬೇರೆ ಎಲ್ಲ ಬಿಟ್ಟು ಬೆಟ್ಟಕ್ಕೆ ಹೋಗಿ. ಸಮುದ್ರವನ್ನು ಮಲ್ಪೆ ಅಂದುಕೊಂಡು ಇಳಿಯಬೇಡಿ, ಕ್ಯಾಂಪ್ಸ್ ಬೇ ಕಡೆ ನೀರು ಬೇಸಿಗೆಯಲ್ಲೂ ಐಸ್. ಮ್ಯೂಜೆನ್‌ಬರ್ಗ್ ಕಡೆ ಪರವಾಗಿಲ್ಲ.

ಸ್ಟೆಲೆನ್‌ಬಾಶ್ ಕೇಪ್‌ಟೌನಿನಿಂದ 50 ಕಿ.ಮೀ. ಇರಬಹುದು. ಕುಡಿಯದವರು ಸುಮ್ನೆ ಕೂರಬೇಕಿಲ್ಲ, ಸುಮಾರು ತೋಟಗಳಲ್ಲಿ ದ್ರಾಕ್ಷಿ ರಸ ಕೊಡುತ್ತಾರೆ, ಊಟವೂ ಸಿಗುತ್ತದೆ. ಅಮ್ಮನಿಗೆ ನಡೆಯೋದು ಕಷ್ಟ ಅಂದರೆ ಹತ್ತಿರದ ಫ್ರಾನ್ಶ್‌ಹುಕ್ ಊರಿನ ವೈನ್ ಟ್ರಾಮ್ ಹತ್ತಿಸಿ, ತೋಟದಿಂದ ತೋಟಕ್ಕೆ ಕೂತೇ ಹೋಗಬಹುದು. ನೀವು ರುಚಿ ನೋಡುವವರಾದರೆ ಕಾರು ಓಡಿಸಬೇಡಿ, ಡ್ರೈವರ್ ಇಟ್ಟುಕೊಳ್ಳಿ. ರಸ್ತೆ ನಮ್ಮಂತೆ ಎಡಗಡೆಯೇ, ಅದೇ ಧೈರ್ಯ ಜಾಸ್ತಿ ಕೊಡುತ್ತದೆ.

ರೂಮು, ಊಟದ ಟೇಬಲ್ ಎರಡನ್ನೂ ಈಗಲೇ ಬುಕ್ ಮಾಡಿ, ಡಿಸೆಂಬರ್ ಅಲ್ಲಿನವರಿಗೂ ರಜೆ. 25ನೇ ತಾರೀಕು ಮಾತ್ರ ತೋಟಗಳ ಪ್ಲಾನ್ ಹಾಕಬೇಡಿ, ಹೆಚ್ಚಿನವು ಬಾಗಿಲು ಹಾಕಿರುತ್ತವೆ.