ಬೆಚ್ಚನೆಯ ಕಡಲೊಂದೇ ಹವಳವನ್ನು ಬೆಳೆಸಲಿಲ್ಲ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಭೂಮಿಯ ಗತಕಾಲದ ಕೆಲವು ಅವಧಿಗಳಲ್ಲಿ ಮಾತ್ರ ಹವಳದ ದಿಬ್ಬಗಳು ಹುಲುಸಾಗಿ ಬೆಳೆದದ್ದೇಕೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಡೆವೋನಿಯನ್ ಕಾಲದಲ್ಲಿ (ಸುಮಾರು 42ರಿಂದ 36 ಕೋಟಿ ವರ್ಷಗಳ ಹಿಂದೆ) ಕಡಲು ಬೆಚ್ಚಗಿತ್ತು, ಹವಳ ಬೆಳೆಯಿತು. ಜುರಾಸಿಕ್ ಕಾಲದಲ್ಲಿಯೂ (ಸುಮಾರು 20ರಿಂದ 14.5 ಕೋಟಿ ವರ್ಷಗಳ ಹಿಂದೆ) ಹಾಗೆಯೇ ಆಯಿತು. ಆದ್ದರಿಂದ ಇಂದು ಭೂಮಿ ಬಿಸಿಯಾದರೂ ಹವಳಕ್ಕೆ ಭಯವಿಲ್ಲ ಎಂಬುದು ನಿಮ್ಮ ವಾದದ ಸಾರ. ಕಾಲಗಳನ್ನು ಸರಿಯಾಗಿ ಗುರುತಿಸಿದ್ದೀರಿ, ಆದರೆ ‘ಯಾವಾಗ’ ಎಂಬುದಕ್ಕೆ ಕೊಟ್ಟ ಉತ್ತರವನ್ನೇ ‘ಏಕೆ’ ಎಂಬುದಕ್ಕೂ ಕೊಟ್ಟಿದ್ದೀರಿ.

ನೀವು ಒಂದೇ ಸಾಲಿನಲ್ಲಿ ದಾಟಿಹೋದ ಕ್ರಿಟೇಷಿಯಸ್ ಕಾಲವೇ, ಅಂದರೆ ಜುರಾಸಿಕ್‌ನ ನಂತರದ ಕಾಲವೇ, ನಿಮ್ಮ ವಾದಕ್ಕೆ ನಿಜವಾದ ಪರೀಕ್ಷೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಭೂಮಿ ಬಹಳ ಬಿಸಿಯಾಗಿತ್ತು, ಸಮುದ್ರಮಟ್ಟ ಎತ್ತರದಲ್ಲಿತ್ತು, ಖಂಡಗಳ ತಗ್ಗು ನೆಲಗಳ ಮೇಲೆ ಆಳವಿಲ್ಲದ ಕಡಲು ಹರಡಿಕೊಂಡಿತ್ತು. ಬಿಸಿಯೇ ಕಾರಣವಾಗಿದ್ದರೆ ಅದು ಹವಳದ ಸುವರ್ಣಯುಗವಾಗಬೇಕಿತ್ತು. ಆದರೆ ಉಷ್ಣವಲಯದ ಆಳವಿಲ್ಲದ ನೀರನ್ನು ಆಗ ಬಹುಮಟ್ಟಿಗೆ ಆಕ್ರಮಿಸಿಕೊಂಡಿದ್ದು ರೂಡಿಸ್ಟ್ ಎಂಬ, ಈಗ ಅಳಿದುಹೋಗಿರುವ, ಎರಡು ಚಿಪ್ಪಿನ ಮೃದ್ವಂಗಿಗಳು. ಹವಳಗಳು ಅಳಿಯಲಿಲ್ಲ, ಬದಿಗೆ ಸರಿದವು.

ಇದಕ್ಕೆ ಭೂವಿಜ್ಞಾನಿಗಳು ಮುಂದಿಡುವ ವಿವರಣೆಗಳಲ್ಲಿ ಕಡಲನೀರಿನ ರಸಾಯನ ಮುಖ್ಯವಾದುದು. ಕ್ರಿಟೇಷಿಯಸ್‌ನಂತೆ ಸಾಗರತಳ ವೇಗವಾಗಿ ಹಿಗ್ಗುವ ಕಾಲದಲ್ಲಿ ಬಿಸಿ ಬಸಾಲ್ಟ್ ಶಿಲೆಯು ನೀರಿನಿಂದ ಮೆಗ್ನೀಷಿಯಮ್ ಹೀರಿಕೊಂಡು ಕ್ಯಾಲ್ಸಿಯಮ್ ಬಿಟ್ಟುಕೊಡುತ್ತದೆ. ಕ್ಯಾಲ್ಸೈಟ್ ಮತ್ತು ಅರಾಗೊನೈಟ್ ಎರಡೂ ಕ್ಯಾಲ್ಸಿಯಮ್ ಕಾರ್ಬೊನೇಟಿನ ಹರಳುರೂಪಗಳು. ಆಗ ಕ್ಯಾಲ್ಸೈಟ್ ಸುಲಭವಾಗಿ ಹರಳುಗಟ್ಟುತ್ತದೆ, ಮೆಗ್ನೀಷಿಯಮ್ ಹೆಚ್ಚಿದ್ದಾಗ ಅರಾಗೊನೈಟ್‌ಗೆ ಅನುಕೂಲ. ಇಂದಿನ ಹವಳಗಳು ಕಟ್ಟುವುದು ಅರಾಗೊನೈಟನ್ನು, ಮತ್ತು ಮೆಗ್ನೀಷಿಯಮ್ ಕಡಿಮೆಯಿರುವ ನೀರಿನಲ್ಲಿ ಬೆಳೆಸಿದಾಗ ಅವು ನಿಧಾನವಾಗಿ ಬೆಳೆದದ್ದನ್ನು ಪ್ರಯೋಗಗಳು ತೋರಿಸಿವೆ. ಆದರೆ ದಯವಿಟ್ಟು ಉಷ್ಣತೆಯನ್ನು ಕೈಬಿಟ್ಟು ಇದನ್ನೇ ಹೊಸ ಏಕೈಕ ಕಾರಣವನ್ನಾಗಿ ಮಾಡಬೇಡಿ. ಜುರಾಸಿಕ್‌ನ ಕೊನೆಯ ಭಾಗದಲ್ಲಿ, ಸುಮಾರು 16ರಿಂದ 15 ಕೋಟಿ ವರ್ಷಗಳ ಹಿಂದೆ, ಪೋರ್ಚುಗಲ್‌ನಿಂದ ಸ್ವಿಟ್ಜರ್ಲೆಂಡಿನ ಜುರಾ ಪರ್ವತಗಳವರೆಗೆ ಹವಳದ ದಿಬ್ಬಗಳು ಹಬ್ಬಿದ್ದಾಗಲೂ ಕಡಲು ಕ್ಯಾಲ್ಸೈಟಿಗೇ ಅನುಕೂಲವಾಗಿತ್ತು. ಅಲ್ಲಿ ಯುರೋಪನ್ನು ಮುಳುಗಿಸಿದ್ದ, ಬೆಳಕು ತಳ ಮುಟ್ಟುವಷ್ಟು ತೆಳುವಾದ ಕಡಲಿನ ವಿಸ್ತಾರವೂ, ಹವಳದ ದೇಹದೊಳಗೆ ನೆಲೆಸಿ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗಳ ಸಹಜೀವನವೂ ಸೇರಿ ಕೆಲಸ ಮಾಡಿದ್ದವು. ಈ ಸಹಜೀವನ ಜುರಾಸಿಕ್‌ಗೆ ಹಿಂದಿನ ಟ್ರಯಾಸಿಕ್ ಕಾಲದ ಕೊನೆಯ ಭಾಗಕ್ಕಾಗಲೇ ನೆಲೆಗೊಂಡಿದ್ದ ಸುಳಿವು ಪಳೆಯುಳಿಕೆಗಳಲ್ಲಿದೆ. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ ಎಂಬುದು ನನಗೆ ಬೇಸರ ತಂದಿತು.

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಇಂದು ಬೆಟ್ಟಸಾಲಾಗಿ ನಿಂತಿರುವ ಡೆವೋನಿಯನ್ ದಿಬ್ಬಗಳನ್ನು ನೀವು ಹವಳದ ದಿಬ್ಬಗಳೆಂದೇ ಕರೆದಿದ್ದೀರಿ. ಅವುಗಳನ್ನು ಕಟ್ಟಿದ್ದು ಮುಖ್ಯವಾಗಿ ಸ್ಟ್ರೊಮ್ಯಾಟೊಪೊರಾಯ್ಡ್ ಎಂಬ ಸ್ಪಂಜುಗಳು ಮತ್ತು ಸೂಕ್ಷ್ಮಜೀವಿಗಳು, ಹವಳಗಳು ಜೊತೆಗಿದ್ದವು. ಆ ಹವಳಗಳಾದರೂ ರುಗೋಸ್ ಮತ್ತು ಟ್ಯಾಬುಲೇಟ್ ಎಂಬ ಬೇರೆಯೇ ಗುಂಪುಗಳಿಗೆ ಸೇರಿದವು, ಕ್ಯಾಲ್ಸೈಟ್ ಕಟ್ಟುತ್ತಿದ್ದವು, 25.2 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಪೂರ್ತಿ ಅಳಿದುಹೋದವು. ಇಂದಿನ ಹವಳಗಳ ಗುಂಪು ಕಾಣಿಸಿಕೊಳ್ಳುವುದು ಟ್ರಯಾಸಿಕ್ ಮಧ್ಯಭಾಗದಲ್ಲಿ. ಹೀಗಿರುವಾಗ ‘ಡೆವೋನಿಯನ್‌ನಲ್ಲಿ ಬದುಕಿದ ಹವಳ ಇಂದೂ ಬದುಕೀತು’ ಎಂಬ ನಿಮ್ಮ ವಾಕ್ಯ ನಿಲ್ಲುವುದಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ಕೊನೆಯ ಪುಟ. ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಎಂದು ಹೇಳಿ, ಎಷ್ಟು ಬೇಗ ಏರಿತು ಎಂಬುದನ್ನು ಬಿಟ್ಟಿದ್ದೀರಿ. ಅದು ಲಕ್ಷಾಂತರ ವರ್ಷಗಳಲ್ಲಿ ಏರಿದಾಗ ನೆಲದ ಶಿಲೆಗಳು ಸವೆದು ಕಡಲಿಗೆ ಸೇರುವ ಲವಣಗಳು ಆ ಅನಿಲ ಕರಗಿ ನೀರಿಗೆ ತರುವ, ಹವಳಕ್ಕೆ ಹಾನಿಕರವಾದ ಆಮ್ಲೀಯತೆಯನ್ನು ಸರಿದೂಗಿಸುತ್ತವೆ. ವೇಗವಾಗಿ ಏರಿದರೆ ಆ ಸರಿದೂಗುವಿಕೆ ಹಿಂದೆ ಬೀಳುತ್ತದೆ. 5.6 ಕೋಟಿ ವರ್ಷಗಳ ಹಿಂದೆ, ಕೆಲವೇ ಸಾವಿರ ವರ್ಷಗಳಲ್ಲಿ ಭೂಮಿ ಸುಮಾರು 5 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ, ಈಗ ಇಲ್ಲವಾಗಿರುವ ಟೆಥಿಸ್ ಎಂಬ ಪ್ರಾಚೀನ ಕಡಲಿನ ಅನೇಕ ಕಡೆ ಹವಳದ ದಿಬ್ಬಗಳು ಹಿಮ್ಮೆಟ್ಟಿ, ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ದೊಡ್ಡ ಚಿಪ್ಪುಗಳು ಸುಣ್ಣದಕಲ್ಲನ್ನು ತುಂಬಿದವು. ಇಂದಿನ ಏರಿಕೆ ಅದಕ್ಕಿಂತಲೂ ವೇಗವಾದುದು. ಕೊನೆಯ ಪುಟವನ್ನು ತೆಗೆದು ಈ ಘಟನೆಯನ್ನು ಬರೆಯಿರಿ.

1963ರಲ್ಲಿ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಡೆವೋನಿಯನ್ ಹವಳಗಳಲ್ಲಿ ದಿನಕ್ಕೊಂದರಂತೆ ಮೂಡಿದ ಸೂಕ್ಷ್ಮ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವೆಂದು ತೋರಿಸಿದ್ದನ್ನು ವಿವರಿಸುವ ನಿಮ್ಮ ಭಾಗ ಬಹಳ ಚೆನ್ನಾಗಿದೆ. ಅಲ್ಲಿ ನೀವು ಒಂದು ಸಾಕ್ಷ್ಯವನ್ನು ಕೈಗೆತ್ತಿಕೊಂಡು, ಅದು ಏನನ್ನು ಹೇಳಬಲ್ಲದೋ ಅಷ್ಟನ್ನೇ ಅದರಿಂದ ಹೇಳಿಸಿದ್ದೀರಿ. ಅದನ್ನು ಹಾಗೆಯೇ ಉಳಿಸಿಕೊಂಡು, ಉಳಿದದ್ದನ್ನು ಕ್ರಿಟೇಷಿಯಸ್‌ನಿಂದ ಆರಂಭಿಸಿ ತಿದ್ದಿ ಬರೆದು ಕಳುಹಿಸಿದರೆ ಖಂಡಿತವಾಗಿ ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ